ಸಾಲಿನ ಕೊನೆಯ ಗಂಟೆ

ನನ್ನ ಹಳೆಯ ಸಹಪಾಠಿಗಳ ಗುಂಪೊಂದು ಇಮೇಲ್ ಮೂಲಕ ತತ್ತ್ವಶಾಸ್ತ್ರ ಚರ್ಚಿಸುತ್ತದೆ. ಎಲ್ಲರಿಗೂ ವಯಸ್ಸಾಗಿದೆ, ಯಾರಿಗೂ ಬೇರೆ ಕೆಲಸವಿಲ್ಲ, ಹೀಗಾಗಿ ಚರ್ಚೆ ಮುಗಿಯುವುದೇ ಇಲ್ಲ. ಅದನ್ನು ನೋಡಿಕೊಳ್ಳುವ ಗೆಳೆಯ ಒಂದು ನಿಯಮ ಮಾಡಿದ್ದಾನೆ. ಪತ್ರದಲ್ಲಿ ಬರೀ ಅಕ್ಷರಗಳಿರಬೇಕು, ಬಣ್ಣ ಅಲಂಕಾರ ಕೂಡದು, ಪ್ರತಿ ಸಾಲೂ ಎಪ್ಪತ್ತೆರಡು ಅಕ್ಷರಕ್ಕೆ ಮುರಿದು ಕೆಳಗಿಳಿಯಬೇಕು. ನನ್ನ ಪತ್ರಗಳು ಅವನ ಪರದೆಯ ಮೇಲೆ ಒಂದೇ ಉದ್ದನೆಯ ಸಾಲಾಗಿ ಬಲಗಡೆಗೆ ಹೊರಟುಹೋಗುತ್ತಿದ್ದವಂತೆ. "ನಿನ್ನ ವಾದ ಓಡಿಹೋಗಾಕತ್ತೈತಿ, ಹಿಡಿಯಾಕ ಆಗವಲ್ದು" ಎಂದು ಬರೆದ. ಹುಡುಕಿ ಹುಡುಕಿ ಆ ಸೆಟ್ಟಿಂಗ್ ಇರುವ ಜಾಗ ಕಂಡುಹಿಡಿದೆ, ಸಣ್ಣ ಚೌಕದಲ್ಲಿ ಎಪ್ಪತ್ತೆರಡು ಎಂದು ತುಂಬಿದೆ, ಬರೆಯಲು ಕುಳಿತೆ. ಸಾಲು ತನ್ನ ಅಂಚು ಮುಟ್ಟಿತು, ಸದ್ದಿಲ್ಲದೆ ಮಡಿಚಿಕೊಂಡು ಕೆಳಗೆ ಇಳಿಯಿತು.

ಆಗ ನೋಡಿದರೆ ನನ್ನ ಎರಡೂ ಕೈ ಗಾಳಿಯಲ್ಲಿದ್ದವು.

ಯಾವಾಗ ಎತ್ತಿದೆನೋ ಗೊತ್ತಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಈ ವಯಸ್ಸಿನಲ್ಲಿ ನನ್ನ ಕಿವಿ ಬಿಸಿಯಾದವು.

ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಅದು ತನಗೆ ಬೇಕಾದ ಸಾಕ್ಷಿಯನ್ನು ತಾನೇ ಕರೆತರುತ್ತದೆ, ತೀರ್ಪನ್ನೂ ತಾನೇ ಕೊಡುತ್ತದೆ. ತನ್ನ ಮಾನ ಕಳೆಯುವಂಥದನ್ನು ಯಾರೂ ಕಟ್ಟಿ ಹೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮುಂದೆ ಬರೆಯುವುದನ್ನು ನಿಜವೆಂದುಕೊಂಡಿದ್ದೇನೆ. ಆ ಕಾರಣವೂ ಅಷ್ಟೇನು ಗಟ್ಟಿಯಲ್ಲ. ಮಾನ ಹೋದ ಕಥೆಯನ್ನು ಚೆಂದ ಮಾಡಿ ಹೇಳಿ ಹೊಸ ಮಾನ ಗಳಿಸುವವರನ್ನು ನಾನು ಕಂಡಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಗದೆ, ಬೆಟಗೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅಪ್ಪ ಶಿರಹಟ್ಟಿಯಲ್ಲಿ ಒಂದು ಕಚೇರಿಯ ಗುಮಾಸ್ತರು. ರಜೆಗೆ ಬಂದಾಗಲೆಲ್ಲ ನನ್ನನ್ನು ಮೇಲಿನಿಂದ ಕೆಳಗೆ ನೋಡುವರು. ಒಂದು ಸಲ ಊಟಕ್ಕೆ ಕುಳಿತಾಗ, "ಎರಡು ವರ್ಷ ಆತ್ಮ ಐತೋ ಇಲ್ಲೋ ಅಂತ ಓದಿ ಬಂದಿ. ಇನ್ನ ಕೈ ಅದಾವೋ ಇಲ್ಲೋ ಅದನ್ನೂ ಒಂದಿಷ್ಟು ನೋಡು" ಎಂದರು. ಟೈಪಿಂಗ್ ಕಲಿತರೆ ತಾತ್ಕಾಲಿಕವಾಗಿಯಾದರೂ ಎಲ್ಲಾದರೂ ಸೇರಿಸಬಹುದು ಎಂದು ಅವರ ಲೆಕ್ಕ. ಮರುದಿನವೇ ಹೋಗಿ ಸೇರಿಕೊಂಡೆ. ವಿಧೇಯತೆಯಿಂದಲ್ಲ, ಆ ಮಾತಿಗೆ ಅತ್ತೆ ನಕ್ಕಿದ್ದರು ಎಂಬ ಸಿಟ್ಟಿನಿಂದ.

ಸಂಸ್ಥೆ ಎಂದರೆ ಬೆಟಗೇರಿಯ ಒಂದು ಓಣಿಯಲ್ಲಿ ರಸ್ತೆಗೆ ತೆರೆದ ಉದ್ದನೆಯ ಕೋಣೆ. ಮುಂದೆ ಮಗ್ಗಗಳ ಸದ್ದು, ಒಳಗೆ ನಮ್ಮ ಸದ್ದು. ನಡೆಸುತ್ತಿದ್ದವರು ಸೈನ್ಯದ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ, ಮುಸ್ಲಿಂ ಮನೆತನದ ಒಬ್ಬ ಹಿರಿಯರು. ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಗಡ್ಡ ಬೆಳ್ಳಗೆ, ಅಂಗಿಯ ಇಸ್ತ್ರಿ ಕತ್ತಿಯಂತೆ. ಯಾರಾದರೂ ಬಗ್ಗಿ ಕುಳಿತರೆ ಬೆನ್ನ ಹಿಂದೆ ಬಂದು ಸುಮ್ಮನೆ ನಿಲ್ಲುವರು, ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನನ್ನ ಪಕ್ಕದ ಯಂತ್ರದಲ್ಲಿ ಲಕ್ಷ್ಮೇಶ್ವರದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಂಗಸು ಕಲಿಯುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು. ಗಂಡ ಮುಂಡರಗಿಯ ಕಚೇರಿಯೊಂದರಲ್ಲಿದ್ದು ತೀರಿಕೊಂಡಿದ್ದರು. ಅದೇ ಕಚೇರಿ ಇವರನ್ನು ತೆಗೆದುಕೊಳ್ಳಲು ಒಪ್ಪಿತ್ತು, ಆದರೆ ಟೈಪಿಂಗ್ ಜೂನಿಯರ್ ಪರೀಕ್ಷೆ ಪಾಸಾಗಿ ಬರಬೇಕು, ಅದೂ ಅವರು ಕೊಟ್ಟ ಅವಧಿಯೊಳಗೆ. ಅಷ್ಟರಲ್ಲಿ ಎರಡೇ ಪರೀಕ್ಷೆ ಬರುತ್ತಿದ್ದವು. ತವರಿನಲ್ಲಿ ಅಣ್ಣನ ಮನೆಯ ಅನ್ನ ಉಣ್ಣುತ್ತಿದ್ದರು. ಈ ಸಂಗತಿಯನ್ನು ಅವರು ನನಗೆ ಹೇಳಿದವರಲ್ಲ, ಮಾಸ್ತರರು ಹೇಳಿದರು. ಆ ಹೆಂಗಸು ಬಸ್ಸಿಳಿದು ಬಂದು, ಸೆರಗು ಸಿಕ್ಕಿಸಿ, ಮಾತಿಲ್ಲದೆ ಬಡಿಯುತ್ತಿದ್ದರು.

ನಮ್ಮ ಯಂತ್ರಗಳಿಗೆ ಗಂಟೆ ಇರಲಿಲ್ಲ. ಟೈಪ್‌ರೈಟರ್ ನೋಡದವರಿಗೆ ಇದನ್ನು ಹೇಳಬೇಕು. ಸಾಲು ಬಲ ಅಂಚಿಗೆ ಹತ್ತಿರವಾದಾಗ ಯಂತ್ರದೊಳಗಿನ ಒಂದು ಸಣ್ಣ ಗಂಟೆ ಟಿಣ್ ಎನ್ನುತ್ತದೆ. ಆಗ ಹಿಡಿದ ಪದವನ್ನು ಮುಗಿಸಿ, ಎಡಗೈಯಿಂದ ಸನ್ನೆಕೋಲು ಎಳೆದು ಕಾಗದವನ್ನು ಮುಂದಿನ ಸಾಲಿಗೆ ತರಬೇಕು. ಯಂತ್ರ ತಾನಾಗಿ ಸಾಲು ಮುರಿಯುವುದಿಲ್ಲ, ಬರೀ ಎಚ್ಚರಿಸುತ್ತದೆ. ಮಾಸ್ತರರು ಎಲ್ಲ ಯಂತ್ರಗಳ ಗಂಟೆಗಳನ್ನೂ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಕಾರಣ ಗೋಡೆಯ ಆಚೆಗಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಹಾಸಿಗೆ ಹಿಡಿದು ಮಲಗಿದ್ದರು. ತಲೆಮಾರುಗಳಿಂದ ಗುಡಿಯ ಪೂಜೆ ನಡೆಸಿದ ಮನೆತನ. ನಮ್ಮ ಕೋಣೆಯಲ್ಲಿ ಗಂಟೆ ಟಿಣ್ ಎಂದಾಗಲೆಲ್ಲ ಅವರು ಮೊಣಕೈ ಊರಿ ಏಳಲು ಹೋಗುತ್ತಿದ್ದರಂತೆ. ಒಮ್ಮೆ ಮಂಚದಿಂದ ಬಿದ್ದರು. ಅವತ್ತು ಸೊಸೆ ಬಂದು ಬಾಗಿಲಲ್ಲಿ ನಿಂತು ಅತ್ತರು, ಮಾಸ್ತರರು ಸಂಜೆಯೊಳಗೆ ಗಂಟೆಗಳನ್ನು ಬಿಚ್ಚಿದರು. ಇದೆಲ್ಲ ನಾನು ಸೇರುವುದಕ್ಕೆ ಮೊದಲೇ ಆದದ್ದು.

ಹೀಗಾಗಿ ನಾವು ಸಾಲಿನ ಕೊನೆಯನ್ನು ಕಣ್ಣಿನಿಂದ ಕಲಿತೆವು. ಯಂತ್ರದ ಅಳತೆಪಟ್ಟಿಯ ಮೇಲೆ ಮಾಸ್ತರರು ಕೆಂಪು ಬಣ್ಣದ ಗೆರೆಯೊಂದನ್ನು ಎಳೆದಿದ್ದರು. ಮುಳ್ಳು ಅಲ್ಲಿಗೆ ಬಂತೆಂದರೆ ಸಾಲು ಮುಗಿಯಿತು. ನೋಡದೆ ಮುಂದೆ ಹೋದರೆ ಆ ಸವೆದ ಯಂತ್ರಗಳಲ್ಲಿ ಅಂಚಿನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕರಿಯ ಗಂಟಾಗುತ್ತಿದ್ದವು. ನನ್ನ ಪಕ್ಕದ ಯಂತ್ರದವರ ಹಾಳೆಯಲ್ಲಿ ಮೊದಮೊದಲು ಬಲಗಡೆ ಇಂಥ ಗಂಟುಗಳ ಸಾಲೇ ಇರುತ್ತಿತ್ತು. ಆಮೇಲೆ ಅವರೂ ಕಲಿತರು.

ನಾನು ಒಂದು ಮಧ್ಯಾಹ್ನ ನಾಯಿಯ ಕಥೆ ಹೇಳಿದೆ. ನಮ್ಮ ಮನಃಶಾಸ್ತ್ರದ ಪಠ್ಯದಲ್ಲಿದ್ದದ್ದು. ಅನ್ನ ಹಾಕುವಾಗಲೆಲ್ಲ ಗಂಟೆ ಬಾರಿಸಿ ಬಾರಿಸಿ, ಕಡೆಗೆ ಬರೀ ಗಂಟೆ ಕೇಳಿದರೂ ನಾಯಿ ಜೊಲ್ಲು ಸುರಿಸುತ್ತಿತ್ತು ಎಂಬ ಪ್ರಯೋಗ. ಬಿಡುವಿನಲ್ಲಿ ನಮ್ಮ ಜೊತೆ ಕಲಿಯುತ್ತಿದ್ದ ಹುಡುಗರಿಗೆ ಅದನ್ನು ವಿವರಿಸಿ, ಭಕ್ತಿ ಅಂದರೆ ಇಷ್ಟೇ, ಗೋಡೆ ಆಚೆಯ ಅಜ್ಜಾರಿಗೂ ಆ ನಾಯಿಗೂ ಶಾಸ್ತ್ರದ ದೃಷ್ಟಿಯಲ್ಲಿ ಫರಕಿಲ್ಲ ಎಂದೆ. ಹೀಗೆ ಬಾಯಿಬಿಟ್ಟು ಅಂದೆನೋ, ನಾಯಿಯ ಕಥೆಯಷ್ಟನ್ನೇ ಹೇಳಿ ಉಳಿದದ್ದನ್ನು ಕೇಳಿದವರಿಗೆ ಬಿಟ್ಟೆನೋ ಎಂದು ಬಹಳ ವರ್ಷ ನನ್ನೊಳಗೇ ವಾದ ಮಾಡಿದ್ದೇನೆ. ಎರಡನೆಯದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ನನಗೆ ಅನುಕೂಲವಾದದ್ದು ಅದೇ ಆದ್ದರಿಂದ ಅದನ್ನು ನಂಬುವುದಿಲ್ಲ. ಹುಡುಗರು ನಕ್ಕಿದ್ದು ಮಾತ್ರ ಖರೆ. ಪಕ್ಕದವರು ನಗಲಿಲ್ಲ, ಕಾಗದ ಬದಲಿಸಿದರು.

ಪರೀಕ್ಷೆಗೆ ನಮ್ಮಲ್ಲಿಂದ ಆ ಸಲ ಕಟ್ಟಿದ್ದವರು ನಾನು ಮತ್ತು ಪಕ್ಕದ ಆ ಹೆಂಗಸು, ಇಬ್ಬರೇ. ಯಂತ್ರವನ್ನು ಅಭ್ಯರ್ಥಿಗಳೇ ಒಯ್ಯಬೇಕಿತ್ತು. ಎರಡು ಯಂತ್ರಗಳಿಗೂ ಕೌದಿ ಹೊದಿಸಿ ಟಾಂಗಾದಲ್ಲಿಟ್ಟು, ಗದಗಿನ ಒಂದು ಶಾಲೆಗೆ ಹೋದೆವು. ಮಾಸ್ತರರು ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು.

"ಮೊದಲನೇ ಗಂಟಿಗೆ ಚಾಲೂ, ಎರಡನೇ ಗಂಟಿಗೆ ಕೈ ಮ್ಯಾಲ. ಆಮ್ಯಾಲ ಒಂದ್ ಅಕ್ಷರ ಹೊಡದ್ರೂ ಪೇಪರ್ ರದ್ದು. ಬಾಯಾರ, ತಿಳೀತಿಲ್ರಿ?"

ಆ ಹೆಂಗಸನ್ನು ಮಾಸ್ತರರು ಬಾಯಾರ ಎಂದೇ ಕರೆಯುತ್ತಿದ್ದರು, ಅವರು ತಲೆಯಾಡಿಸಿದರು. ನಾನೂ ಆಡಿಸಿದೆ. ಯಂತ್ರಗಳನ್ನು ಇಳಿಸಿ ಮಾಸ್ತರರು ಪಾಠಕ್ಕೆ ಹಿಂತಿರುಗಿದರು.

ಶಾಲೆಯ ದೊಡ್ಡ ಕೋಣೆಯಲ್ಲಿ ಊರೂರಿನ ಸಂಸ್ಥೆಗಳ ಯಂತ್ರಗಳು ಸಾಲಾಗಿ ಕೂತಿದ್ದವು. ಮೇಲ್ವಿಚಾರಕರು ಮೇಜಿನ ಮೇಲಿನ ಸಣ್ಣ ಗಂಟೆಯನ್ನು ಒತ್ತಿದರು, ಟಿಣ್. ಎಲ್ಲರ ಬೆರಳುಗಳೂ ಬಿದ್ದವು. ನಾನು ಮೊದಲ ಸಾಲನ್ನು ಇನ್ನೂ ಮುಗಿಸಿರಲಿಲ್ಲ, ಮುಂದಿನ ಬೆಂಚಿನಿಂದ ಟಿಣ್ ಎಂದಿತು. ನಾನು ಎರಡೂ ಕೈಗಳನ್ನು ಮೇಲೆತ್ತಿದೆ.

ಪಕ್ಕಕ್ಕೆ ನೋಡಿದೆ. ಅವರ ಕೈಗಳೂ ಮೇಲಿದ್ದವು.

ಕೋಣೆಯಲ್ಲಿ ಕೈ ಎತ್ತಿದವರು ನಾವಿಬ್ಬರೇ. ಉಳಿದವರೆಲ್ಲ ಬಡಿಯುತ್ತಲೇ ಇದ್ದರು. ಆಮೇಲೆ ಇನ್ನೊಂದು ಟಿಣ್, ಮತ್ತೊಂದು, ಎಲ್ಲ ಕಡೆಯಿಂದಲೂ. ಅದು ಯಂತ್ರಗಳ ಗಂಟೆ ಎಂದು ನನ್ನ ಬುದ್ಧಿಗೆ ಬೇಗನೇ ಹೊಳೆಯಿತು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಎಷ್ಟೋ ಸಲ ಕೇಳಿರಬೇಕು. ಆದರೆ ತಿಳಿದದ್ದು ಬುದ್ಧಿಗೆ, ಕೈಗಲ್ಲ. ಕೈಗಳನ್ನು ಇಳಿಸಿ ಅರ್ಧ ಪದ ಹೊಡೆಯುವಷ್ಟರಲ್ಲಿ ಇನ್ನೊಂದು ಟಿಣ್, ಕೈಗಳು ತಾವಾಗಿ ಮೇಲೆ. ಮತ್ತೆ ಇಳಿಸಿದೆ, ಮತ್ತೆ ಎದ್ದವು. ಪಕ್ಕದಲ್ಲೂ ಅದೇ ನಡೆದಿತ್ತು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಲು ಹೊತ್ತಿರಲಿಲ್ಲ. ಮೇಲ್ವಿಚಾರಕರು ಒಮ್ಮೆ ನಮ್ಮ ಬಳಿ ಬಂದು ನಿಂತು, ಯಂತ್ರ ಕೆಟ್ಟಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಇಲ್ಲ ಎಂದೆ. ನಿಜವಾದ ಕೊನೆಯ ಗಂಟೆ ಬಾರಿಸಿದಾಗ ಕೈಗಳನ್ನು ಇಳಿಸಿ ಕೂತಿದ್ದೆ, ಎತ್ತಲು ಮನಸ್ಸಾಗಲಿಲ್ಲ.

ನಾಯಿಯ ಕಥೆ ನನಗೆ ನೆನಪಾದದ್ದು ವಾಪಸು ಬರುವಾಗ, ಟಾಂಗಾದಲ್ಲಿ. ಕುದುರೆಯ ಕೊರಳಲ್ಲಿ ಗೆಜ್ಜೆ ಇತ್ತು.

ಮಾಸ್ತರರು ನಮ್ಮನ್ನು ಬೈಯಲಿಲ್ಲ. ನಾವು ಹೇಳಿದ್ದನ್ನು ನಿಂತೇ ಕೇಳಿದರು, ಆಮೇಲೆ ಕುರ್ಚಿಯಲ್ಲಿ ಕುಳಿತರು. ಅವರು ಪಾಠದ ವೇಳೆಯಲ್ಲಿ ಕುಳಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಂತರದ ದಿನಗಳಲ್ಲಿ ಯಾರ ಬೆನ್ನ ಹಿಂದೆಯೂ ನಿಲ್ಲಲಿಲ್ಲ. ಫಲಿತಾಂಶ ನಿರೀಕ್ಷಿಸಿದ್ದೇ, ಇಬ್ಬರೂ ನಪಾಸು. ಮುಂಡರಗಿಯ ಕಚೇರಿ ಕೊಟ್ಟ ಅವಧಿಯಲ್ಲಿ ಆ ಹೆಂಗಸಿಗೆ ಉಳಿದದ್ದು ಇನ್ನೊಂದೇ ಪರೀಕ್ಷೆ.

ಒಂದು ದಿನ ಅವರು ಮಾಸ್ತರರ ಮೇಜಿನ ಎದುರು ಹೋಗಿ ನಿಂತರು.

"ಮಾಸ್ತರ, ನನ್ನ ಮಶೀನಿಗೆ ಒಂದು ಗಂಟಿ ಹಾಕಿಕೊಡ್ರಿ. ಒಂದ ಸಾಕು. ಕಿವಿಗೆ ರೂಢಿ ಆಗಬೇಕು."

ಮಾಸ್ತರರು ಗೋಡೆಯ ಕಡೆ ನೋಡಿದರು. "ಆ ಮನುಷ್ಯಾ ಬಿದ್ದು ಸೊಂಟಾ ಮುರಕೊಂಡ್ರ ನಾ ಯಾರಿಗೆ ಮುಖಾ ತೋರಿಸಲಿ, ಬಾಯಾರ?"

"ನಾ ಮತ್ತ ನಪಾಸಾದ್ರ?"

ಮಾಸ್ತರರು ಎದ್ದು ಪಕ್ಕದ ಮನೆಗೆ ಹೋಗಿ ಸೊಸೆಯನ್ನು ಕರೆತಂದರು. ಅವರು ಎಲ್ಲವನ್ನೂ ಕೇಳಿದರು. ಆ ಕಾಲದಲ್ಲಿ ನಮ್ಮಲ್ಲಿ ನೀರಿನದೇ ದೊಡ್ಡ ಕೆಲಸ. ನಳ ಯಾವಾಗ ಬರುತ್ತದೋ ಯಾರಿಗೂ ತಿಳಿಯದು, ಬಂದಾಗ ಕೊಡ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಗಂಟೆ ಬಾರಿಸುವ ಹೊತ್ತಿನಲ್ಲಿ ಮಾವನ ಹತ್ತಿರ ಯಾರಾದರೂ ಕುಳಿತರೆ ತಮ್ಮ ಅಡ್ಡಿಯಿಲ್ಲ, ತಮಗೆ ಮಾತ್ರ ಕೂರಲಾಗದು ಎಂದರು. ಮಾಸ್ತರರು ನನ್ನನ್ನು ನೋಡಿದರೋ, ಸುಮ್ಮನೆ ನನ್ನ ದಿಕ್ಕಿಗೆ ನೋಡಿದರೋ, ಹೇಳಲಾರೆ. ನಾನು ಕೂರುತ್ತೇನೆ ಎಂದೆ. ದೊಡ್ಡತನವೇನಲ್ಲ. ಯಂತ್ರದ ಮುಂದೆ ಕುಳಿತರೆ ನನಗೆ ನನ್ನ ಕೈಗಳನ್ನೇ ನೋಡಲಾಗುತ್ತಿರಲಿಲ್ಲ.

ಅಜ್ಜರ ಕೋಣೆ ಸಣ್ಣದು, ಮಂಚ ನಮ್ಮ ಗೋಡೆಗೇ ಹತ್ತಿತ್ತು. ಆಚೆಯಿಂದ ಪ್ರತಿ ಬಡಿತವೂ ಕೇಳುತ್ತಿತ್ತು. ಮೊದಲ ಟಿಣ್ ಬಂತು. ಅವರ ಮೊಣಕೈಗಳು ಹಾಸಿಗೆಯನ್ನು ಒತ್ತಿದವು, ಕುತ್ತಿಗೆಯ ನರಗಳು ಎದ್ದವು. ನಾನು ಭುಜ ಹಿಡಿದು ಮಲಗಿಸಿದೆ. ಅದು ಟೈಪ್ ಮಶೀನಿನ ಗಂಟಿರೀ ಎಂದೆ. ಅವರು ಮಲಗಿದರು, ಮುಂದಿನ ಟಿಣ್ಣಿಗೆ ಮತ್ತೆ ಎದ್ದರು. ಹೀಗೇ ಅವತ್ತು, ಹೀಗೇ ಮರುದಿನವೂ. ಭುಜದಲ್ಲಿ ಬರೀ ಎಲುಬು, ಬೆವರು. ಹಿಡಿದು ಕುಳಿತಾಗಲೂ ನನ್ನ ತಲೆಯ ಒಂದು ಮೂಲೆ, ನೋಡು, ನೀನು ಹೇಳಿದ್ದು ಸರಿಯೇ ಇತ್ತು ಎನ್ನುತ್ತಿತ್ತು. ಪರೀಕ್ಷೆಯ ಕೋಣೆಯ ನಂತರವೂ ಹಾಗೆ ಅನ್ನುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಅವರಾಗಿಯೇ ಮಾತಾಡಿದರು.

"ತಮ್ಮಾ, ಆ ನಾಯಿ ಕಥಿ ಹೇಳು. ಅವತ್ತು ಗ್ವಾಡಿ ಆಚಿಂದ ಅರ್ಧಾನ ಕೇಳಿಸ್ತು. ಮಂದಿ ನಕ್ಕದ್ದು ಕೇಳಿಸ್ತು."

ಯಾವ ಅರ್ಧ ಕೇಳಿಸಿತ್ತೋ ಕೇಳುವ ಧೈರ್ಯ ನನಗಾಗಲಿಲ್ಲ. ಕಥೆಯನ್ನು ತಡವರಿಸಿ ಹೇಳಿದೆ. ಪಠ್ಯದಲ್ಲಿ ಒಂದು ಪುಟವಿದ್ದದ್ದು ನನ್ನ ಬಾಯಲ್ಲಿ ನಾಲ್ಕೇ ಮಾತಿಗೆ ಮುಗಿಯಿತು. ಅವರು ಕಣ್ಣು ಮುಚ್ಚಿ ಕೇಳಿದರು.

"ಕಡೀಕ ಆ ನಾಯಿಗೆ ಅನ್ನಾ ಹಾಕಿದ್ರೋ ಇಲ್ಲೋ?"

ಇಲ್ಲ, ಬರೀ ಗಂಟೆ ಬಾರಿಸಿ ನೋಡಿದರು ಎಂದೆ.

"ಅದು ಬರೋಬರಿ ಅಲ್ಲ."

ಅಷ್ಟರಲ್ಲಿ ಆಚೆ ಟಿಣ್ ಎಂದಿತು, ಮೊಣಕೈಗಳು ಒತ್ತಿದವು. ನಾನು ರೂಢಿಯಂತೆ ಭುಜಕ್ಕೆ ಕೈ ಹಾಕಿ, ಅಜ್ಜಾರ, ಅದು ಮಶೀನು ಎನ್ನತೊಡಗಿದೆ.

"ಗೊತ್ತೈತಿ ಬಿಡೋ. ನಮ್ಮ ಗುಡಿ ಗಂಟಿ ಹಿಂಗ ಇಲಿ ಚೀರಿದಂಗ ಅಂತೈತೇನು?"

"ಮತ್ತ ಯಾಕ ಏಳತೀರಿ?"

"ಗಂಟಿ ಯಾರದರ ಇರವಲ್ದ್ಯಾಕ. ನಾ ಗಂಟೀನ ಮಲಕೊಂಡು ಕೇಳಿದಾವಲ್ಲ, ಈಗ ಹೆಂಗ ಕೇಳಲಿ? ಏಳಾಕ ಆಗೂದಿಲ್ಲ, ಅದು ಬ್ಯಾರೆ ಮಾತು." ಸ್ವಲ್ಪ ಉಸಿರು ತೆಗೆದುಕೊಂಡರು. "ಅಲ್ಲಾ, ನೀ ಪರೀಕ್ಷಾದಾಗ ಯಾಕ ಕೈ ಎತ್ತಿದಿ?"

ಸೊಸೆ ಹೇಳಿರಬೇಕು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಏನಾದರೂ ತಿರುಗಿ ಹೇಳುತ್ತಿದ್ದೆ, ಅದರಲ್ಲಿ ನಾನು ಪಳಗಿದ್ದೆ. ಅವರು ತಿಳಿದುಕೊಳ್ಳಲು ಕೇಳುತ್ತಿದ್ದರು. ಅವರು ಏಳುವುದಕ್ಕೆ ಅವರ ಬಳಿ ಒಂದು ಕಾರಣವಿತ್ತು. ನನ್ನ ಕೈ ಎದ್ದದ್ದಕ್ಕೆ ಕಾರಣ ಹುಡುಕಿದೆ, ಯಾವುದೂ ಸಿಗಲಿಲ್ಲ. ಗೊತ್ತಿಲ್ಲ ಎಂದೆ. ಎಂ.ಎ. ಓದುವಾಗ ಆ ಪದವನ್ನು ದೊಡ್ಡ ವಿವೇಕದ ಪದವೆಂಬಂತೆ ಬಳಸುತ್ತಿದ್ದೆವು. ಅವತ್ತು ಅದು ಬರೀ ಗೊತ್ತಿಲ್ಲ ಆಗಿತ್ತು.

"ಇರಲಿ. ನನ್ನ ಹಿಂಗ ಒತ್ತಿ ಹಿಡೀಬ್ಯಾಡ, ಎಬ್ಬಸಿ ಕುಂಡರಸು."

ಕುಂಡರಿಸಿದೆ. ಬೆನ್ನಿಗೆ ದಿಂಬು ಕೊಟ್ಟು ಗೋಡೆಗೆ ಆನಿಸಿದೆ. ಮುಂದಿನ ಟಿಣ್ ಬಂತು. ಅವರು ಅಲುಗಲಿಲ್ಲ. ಕೂತಲ್ಲೇ ಗಲ್ಲ ಒಂದಿಷ್ಟು ಮೇಲೆತ್ತಿದರು, ಅಷ್ಟೇ. ಅವರಿಗೆ ಬೇಕಾಗಿದ್ದದ್ದು ಅಷ್ಟೇ ಆಗಿತ್ತು. ಗಂಟೆಗಳನ್ನು ಬಿಚ್ಚುವಾಗ ಅವರನ್ನು ಯಾರೂ ಏನೂ ಕೇಳಿರಲಿಲ್ಲ, ಮಾಸ್ತರರೂ ಇಲ್ಲ, ಮನೆಯವರೂ ಇಲ್ಲ. ನಾನಂತೂ ಕೇಳದೆಯೇ ಸಿದ್ಧಾಂತ ಕಟ್ಟಿದ್ದೆ. ಸಂಜೆ ಇದನ್ನು ಮಾಸ್ತರರಿಗೆ ಹೇಳಿದೆ. ಮರುದಿನ ಅವರೇ ಪಕ್ಕದ ಮನೆಗೆ ಹೋಗಿ, ಅಜ್ಜರ ಮಂಚದ ಬಳಿ ತಲೆ ತಗ್ಗಿಸಿ ನಿಂತು, ಉಳಿದ ಗಂಟೆಗಳನ್ನೂ ಹಾಕಲೇ ಎಂದು ಕೇಳಿದರು. ಎಲ್ಲಾ ಹಾಕ್ರಿ, ಆದರ ಹೊತ್ತು ಹೇಳ್ರಿ, ಎದ್ದು ಕುಂಡ್ರತೇನಿ ಎಂದು ಅವರು ಅಂದರಂತೆ.

ಮುಂದಿನ ಪರೀಕ್ಷೆಗೆ ನಾನು ಕಟ್ಟಲಿಲ್ಲ. ಅಪ್ಪನಿಗೆ ಏನೋ ನೆಪ ಹೇಳಿದೆ. ಆ ಹೆಂಗಸಿನ ಯಂತ್ರಕ್ಕೆ ಕೌದಿ ಹೊದಿಸಿ ಟಾಂಗಾದಲ್ಲಿ ಹಿಡಿದುಕೊಂಡು ಹೋದೆ. ಅವರು ಆ ಸಲ ಪಾಸಾದರು, ಮುಂಡರಗಿಯ ಕಚೇರಿಗೆ ಸೇರಿದರು. ಎಂಬತ್ತರ ದಶಕದಲ್ಲಿ ಏನೋ ಕೆಲಸಕ್ಕೆ ಅಲ್ಲಿಗೆ ಹೋದಾಗ, ಮೇಜಿನ ಹಿಂದೆ ಕುಳಿತು ಒಬ್ಬರಿಗೆ ಗದರಿಸುತ್ತಿದ್ದ ಅವರನ್ನು ಬಾಗಿಲಿನಿಂದ ಕಂಡೆ, ಮಾತಾಡಿಸದೆ ಬಂದೆ. ಆದ್ದರಿಂದ ಇಷ್ಟರ ಮಟ್ಟಿಗೆ ನನ್ನ ನೆನಪಿನ ಮೇಲೆ ಅನುಮಾನವಿಲ್ಲ.

ಅನುಮಾನ ಇರುವುದು ಆ ಎರಡನೆಯ ಪರೀಕ್ಷೆಯ ದಿನದ ಬಗ್ಗೆ. ನಾನು ಶಾಲೆಯ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದೆ. ಕಿಟಕಿಯಿಂದ ಅವರ ಎಡಗೈ ಮಾತ್ರ ಕಾಣುತ್ತಿತ್ತು. ಒಳಗೆ ಟಿಣ್ ಎನ್ನುತ್ತಿತ್ತು. ಯಾರದೋ ಗಂಟೆಗೆಲ್ಲ ಆ ಕೈ ಏಳುತ್ತಿರಲಿಲ್ಲ. ತನ್ನದಕ್ಕೆ ಮಾತ್ರ ಎದ್ದು, ಸನ್ನೆಕೋಲು ಎಳೆದು, ವಾಪಸು ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಕೊನೆಯ ಗಂಟೆ ಆಯಿತು, ಬಡಿತ ನಿಂತಿತು, ಜನ ಹೊರಗೆ ಬರತೊಡಗಿದರು. ಅವರು ಬಂದು ನನ್ನ ಮುಂದೆ ನಿಂತರು. ಪರೀಕ್ಷೆ ಹೇಗಾಯಿತು ಎಂದು ನಾನು ಕೇಳಬೇಕಿತ್ತು. ಅವರೇ ನನ್ನನ್ನು ಕೇಳಿದರು.

"ಯಾಕ್ರಿ, ಹಿಂಗ್ಯಾಕ ಎದ್ದು ನಿಂತೀರಿ?"

ನಿಂತಿದ್ದೆ. ಗಂಟೆಗೆ ಎದ್ದೆನೋ, ಅವರು ಬಂದರೆಂದು ಎದ್ದೆನೋ, ಅಜ್ಜರ ಹಾಗೆ ಬೇಕೆಂದೇ ಎದ್ದೆನೋ, ಅವತ್ತೂ ತಿಳಿಯಲಿಲ್ಲ. ಯಂತ್ರ ತರಬೇಕಲ್ಲ ಎಂದು ಒಳಗೆ ಹೋದೆ.